ಕೋಟೆಯನ್ನು ಎರಡು ಪುಟಕ್ಕೆ ತರೋಣ: ಕಾಲೇಜು ಸಂಚಿಕೆಗೆ ಒಂದು ಜೋಡಿಪುಟ

ವರ್ಷದ ಕೊನೆ ಹತ್ತಿರ ಬಂದಂತೆ ಚಿತ್ರದುರ್ಗ, ದಾವಣಗೆರೆ ಕಡೆಯ ಕಾಲೇಜುಗಳಲ್ಲಿ ವಾರ್ಷಿಕ ಸಂಚಿಕೆಯ ಓಡಾಟ ಶುರುವಾಗುತ್ತದೆ. ಪ್ರಾಂಶುಪಾಲರ ಮಾತು, ಸಂಪಾದಕರ ಮಾತು, ಫಲಿತಾಂಶದ ಪಟ್ಟಿ, ಕ್ರೀಡಾಕೂಟದ ಗುಂಪು ಫೋಟೊ. ಇವೆಲ್ಲ ಇರಲೇಬೇಕು, ಇರಲಿ. ಆದರೆ ಪುಟ ತಿರುವುವವರ ಕೈ ಒಂದು ಕಡೆ ನಿಲ್ಲಬೇಕು ಅಂದರೆ ಒಂದು ಒಳ್ಳೆಯ ಜೋಡಿಪುಟ ಬೇಕು. ಎಡ, ಬಲ ಎರಡೂ ಪುಟ ಸೇರಿ ಒಂದೇ ವಿಷಯ, ಒಂದೇ ದೊಡ್ಡ ಚಿತ್ರ. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹತ್ತಿರದಲ್ಲೇ ಇರುವಾಗ ವಿಷಯಕ್ಕೆ ಬೇರೆಲ್ಲೂ ಹುಡುಕಬೇಕಿಲ್ಲ.

ಇಲ್ಲಿ ಕೋಟೆಯ ಮೇಲೆ ಒಂದು ಜೋಡಿಪುಟವನ್ನು ಮೊದಲಿನಿಂದ ಕೊನೆಯವರೆಗೆ ಮಾಡೋಣ. ಹೇಳುವುದೆಲ್ಲ ಫೋಟೊಶಾಪ್ ಇಟ್ಟುಕೊಂಡು. ಚಿತ್ರ ತಿದ್ದುವ ಉಚಿತ ಸಾಫ್ಟ್‌ವೇರ್ ಜಿಂಪ್ ಬಳಸುವವರಿಗೆ ಎಲ್ಲಿ ದಾರಿ ಬೇರೆಯಾಗುತ್ತದೋ ಅಲ್ಲಿ ಹೇಳುತ್ತೇನೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡಬೇಕು. ಜೋಡಿಪುಟದಲ್ಲಿ ಯಜಮಾನಿಕೆ ನಿಮ್ಮದಲ್ಲ, ನಡುವಿನ ಮಡಿಕೆಯದು. ಚಿತ್ರ ಎಲ್ಲಿ ನಿಲ್ಲಬೇಕು, ಶೀರ್ಷಿಕೆ ಎಲ್ಲಿ ಒಡೆಯಬೇಕು, ಬರಹ ಎಲ್ಲಿಂದ ಶುರುವಾಗಬೇಕು, ಎಲ್ಲವನ್ನೂ ಅದೇ ತೀರ್ಮಾನಿಸುತ್ತದೆ. ಪರದೆಯ ಮೇಲೆ ಮಡಿಕೆ ಕಾಣುವುದಿಲ್ಲ. ಅದಕ್ಕೇ ಅದನ್ನು ಮರೆಯುವುದು ಸುಲಭ.

ಮೊದಲು ಪ್ರೆಸ್‌ಗೆ ಒಂದು ಫೋನ್

ಕಂಪ್ಯೂಟರ್ ಮುಂದೆ ಕೂರುವ ಮೊದಲು ಪ್ರೆಸ್‌ನವರನ್ನು ಕೇಳಬೇಕಾದ ಮಾತುಗಳಿವೆ. ಕಟಿಂಗ್ ಆದ ಮೇಲೆ ಪುಟದ ಅಳತೆ ಎಷ್ಟು? ಬೈಂಡಿಂಗ್ ಸೆಂಟರ್ ಪಿನ್ನೋ, ಬೆನ್ನಿಗೆ ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗೋ? ಕಾಗದ ನುಣುಪಾದ ಆರ್ಟ್ ಪೇಪರೋ, ಹೊಳಪಿಲ್ಲದ ಸಾದಾ ಮ್ಯಾಪ್ಲಿಥೋನೋ? ನಮ್ಮ ಜೋಡಿಪುಟ ಯಾವ ಪುಟಗಳಲ್ಲಿ ಬರುತ್ತದೆ?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಸೆಂಟರ್ ಪಿನ್ ಬೈಂಡಿಂಗ್‌ನಲ್ಲಿ ಹಾಳೆಗಳನ್ನು ಒಂದರೊಳಗೊಂದು ಇಟ್ಟು ಮಡಿಚಿ ನಡುವೆ ಪಿನ್ ಹೊಡೆಯುತ್ತಾರೆ. ಒಂದು ಹಾಳೆಗೆ ನಾಲ್ಕು ಪುಟ. ಅದರಲ್ಲಿ ಸರಿಯಾಗಿ ನಡುವಿನ ಎರಡು ಪುಟ ಮಾತ್ರ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಅಚ್ಚಾಗುತ್ತವೆ. ಮಿಕ್ಕ ಎಲ್ಲ ಜೋಡಿಗಳಲ್ಲೂ ಎಡಪುಟ ಒಂದು ಹಾಳೆಯದು, ಬಲಪುಟ ಇನ್ನೊಂದು ಹಾಳೆಯದು. ಮಡಿಚುವಾಗ ಒಂದೆರಡು ಮಿಲಿಮೀಟರ್ ಮೇಲೆ ಕೆಳಗೆ ಆದರೂ ಚಿತ್ರ ನಡುವೆ ಜಾರಿದಂತೆ ಕಾಣುತ್ತದೆ.

ನಂಬಿಕೆ ಬರದಿದ್ದರೆ ಎಂಟು ಬಿಳಿ ಹಾಳೆ ತಗೊಳ್ಳಿ. ಒಟ್ಟಿಗೆ ಮಡಿಚಿ, ಮೊದಲಿನಿಂದ 1, 2, 3 ಅಂತ ಪುಟಕ್ಕೆ ನಂಬರ್ ಬರೆಯಿರಿ. 32 ಪುಟದ ಪುಸ್ತಕ ಆಯಿತು. ಈಗ ಹಾಳೆಗಳನ್ನು ಬಿಡಿಸಿ ನೋಡಿ. 16 ಮತ್ತು 17 ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಇರುತ್ತವೆ. 14ರ ಪಕ್ಕದಲ್ಲಿ ಮಾತ್ರ 15 ಇರುವುದಿಲ್ಲ, 19 ಇರುತ್ತದೆ. ಪ್ರೆಸ್‌ನವರು ಇದನ್ನು ಡಮ್ಮಿ ಅಂತಾರೆ. ಸಂಪಾದಕ ಮಂಡಳಿಯ ಮೇಜಿನ ಮೇಲೆ ಇಂಥದ್ದೊಂದು ಡಮ್ಮಿ ಇದ್ದರೆ ಎಷ್ಟೋ ಜಗಳ ತಪ್ಪುತ್ತದೆ.

ಹಾಗಾಗಿ ಸಾಧ್ಯವಿದ್ದರೆ ಕೋಟೆಗೆ ನಡುವಿನ ಜೋಡಿಯನ್ನೇ ಕೇಳಿ. ಸಿಗದಿದ್ದರೆ ಒಂದು ನಿಯಮ ಪಾಲಿಸಿದರೆ ಸಾಕು: ಮಡಿಕೆಯನ್ನು ದಾಟುವ ಜಾಗದಲ್ಲಿ ನೇರ ಗೆರೆ, ಮುಖ, ಅಕ್ಷರ ಯಾವುದೂ ಇರಬಾರದು. ಬಂಡೆ, ಆಕಾಶ, ಹುಲ್ಲು ಒಂದೆರಡು ಮಿಲಿಮೀಟರ್ ಜಾರಿದರೂ ಯಾರಿಗೂ ಗೊತ್ತಾಗುವುದಿಲ್ಲ. ಕಲ್ಲಿನ ಕಂಬ ಜಾರಿದರೆ ಎಲ್ಲರಿಗೂ ಕಾಣುತ್ತದೆ.

ಫೈಲ್ ತೆರೆಯುವುದು, ಗೈಡ್ ಎಳೆಯುವುದು

ಪುಟದ ಅಳತೆ ಎ4 ಅಂತಲೇ ಇಟ್ಟುಕೊಳ್ಳೋಣ. ಒಂದು ಪುಟ 210 × 297 ಮಿ.ಮೀ. ಎರಡು ಸೇರಿದರೆ 420 × 297. ಸುತ್ತಲೂ 3 ಮಿ.ಮೀ. ಬ್ಲೀಡ್ ಬೇಕು. ಕಟಿಂಗ್ ಮಷಿನ್ ಕೂದಲೆಳೆಯಷ್ಟು ಆಚೀಚೆ ಕತ್ತರಿಸಿದರೂ ಅಂಚಿನಲ್ಲಿ ಬಿಳಿ ಗೆರೆ ಬರದಿರಲಿ ಅಂತ ಚಿತ್ರವನ್ನು ಇಷ್ಟು ಹೊರಗೆ ಚಾಚಿರುತ್ತೇವೆ. ಆಗ ಫೈಲ್‌ನ ಅಳತೆ 426 × 303 ಮಿ.ಮೀ. ಆಗುತ್ತದೆ.

ಫೈಲ್ ಮೆನುವಿನಲ್ಲಿ ನ್ಯೂ ಒತ್ತಿ ಈ ಅಳತೆ ಕೊಡಿ. ರೆಸಲ್ಯೂಶನ್ 300 ಪಿಪಿಐ, ಅಂದರೆ ಇಂಚಿಗೆ 300 ಪಿಕ್ಸೆಲ್. ಪಿಕ್ಸೆಲ್ ಲೆಕ್ಕದಲ್ಲಿ ಇದು ಸುಮಾರು 5031 × 3579. ಕಲರ್ ಮೋಡ್ ಸಿಎಂವೈಕೆ ಇರಲಿ, ಅಂದರೆ ಅಚ್ಚಿನ ನಾಲ್ಕು ಶಾಯಿಗಳ (ಸಯಾನ್, ಮೆಜೆಂಟಾ, ಹಳದಿ, ಕಪ್ಪು) ಲೆಕ್ಕ. ಜಿಂಪ್‌ನಲ್ಲಿ ಕೆಲಸ ಪರದೆಯ ಬಣ್ಣಗಳಾದ ಆರ್‌ಜಿಬಿಯಲ್ಲೇ ನಡೆಯುತ್ತದೆ. ಆ ಫೈಲನ್ನು ಪ್ರೆಸ್‌ನವರು ಸಿಎಂವೈಕೆಗೆ ಬದಲಿಸಿಕೊಳ್ಳಬೇಕಾಗುತ್ತದೆ. ಅವರಿಗೆ ಮೊದಲೇ ತಿಳಿಸಿರಿ.

ಈಗ ಗೈಡ್‌ಗಳು, ಅಂದರೆ ಪರದೆಯಲ್ಲಿ ಮಾತ್ರ ಕಾಣುವ, ಅಚ್ಚಾಗದ ಅಳತೆಗೆರೆಗಳು. ವ್ಯೂ ಮೆನುವಿನಲ್ಲಿ ನ್ಯೂ ಗೈಡ್ ತೆಗೆದು, ಅಡ್ಡ ಅಳತೆಯಲ್ಲಿ 3 ಮತ್ತು 423ಕ್ಕೆ, ಉದ್ದ ಅಳತೆಯಲ್ಲಿ 3 ಮತ್ತು 300ಕ್ಕೆ ಗೆರೆ ಹಾಕಿ. ಇವು ಕತ್ತರಿ ಬೀಳುವ ಜಾಗ. 213ಕ್ಕೆ ಹಾಕುವ ಗೆರೆಯೇ ಮಡಿಕೆ. ಅದರ ಎರಡೂ ಕಡೆ 15 ಮಿ.ಮೀ. ಬಿಟ್ಟು 198 ಮತ್ತು 228ಕ್ಕೆ ಇನ್ನೆರಡು ಗೆರೆ. ಈ 30 ಮಿ.ಮೀ. ಪಟ್ಟಿಯೊಳಗೆ ಬರಹ ಬರಕೂಡದು. ಪರ್ಫೆಕ್ಟ್ ಬೈಂಡಿಂಗ್ ಆದರೆ ಪುಸ್ತಕ ಪೂರ್ತಿ ಚಪ್ಪಟೆಯಾಗಿ ತೆರೆಯುವುದಿಲ್ಲ, ಈ ಪಟ್ಟಿಯ ಒಂದಿಷ್ಟು ಭಾಗ ಬೆನ್ನಿನೊಳಗೆ ಹೋಗಿಬಿಡುತ್ತದೆ. ಹೊರ ಅಂಚಿನಿಂದಲೂ 15 ಮಿ.ಮೀ. ಒಳಗೆ, ಅಂದರೆ 18 ಮತ್ತು 408ಕ್ಕೆ ಗೆರೆ ಹಾಕಿ. ಕೆಳಗಡೆ ಸ್ವಲ್ಪ ಜಾಸ್ತಿ, 18 ಮಿ.ಮೀ. ಬಿಟ್ಟು 282ಕ್ಕೆ.

ಬರಹಕ್ಕೆ ಒಂದೊಂದು ಪುಟದಲ್ಲೂ 180 ಮಿ.ಮೀ. ಅಗಲ ಸಿಕ್ಕಿತು. ಅದನ್ನು ಎರಡು ಕಾಲಂ ಮಾಡಿ, ನಡುವೆ 6 ಮಿ.ಮೀ. ಬಿಟ್ಟರೆ ಒಂದು ಕಾಲಂ 87 ಮಿ.ಮೀ. ಎಡಪುಟದಲ್ಲಿ 18ರಿಂದ 105 ಮತ್ತು 111ರಿಂದ 198. ಬಲಪುಟದಲ್ಲಿ 228ರಿಂದ 315 ಮತ್ತು 321ರಿಂದ 408. ಒಟ್ಟು ನಾಲ್ಕು ಕಾಲಂ. ಗೈಡ್ ಎಳೆಯುವುದು ಬೇಸರದ ಕೆಲಸ ಅನ್ನಿಸಬಹುದು. ಆದರೆ ಇಲ್ಲಿ ಕಳೆದ ಕಾಲು ಗಂಟೆ ಮುಂದೆ ಅರ್ಧ ದಿನ ಉಳಿಸುತ್ತದೆ.

ಚಿತ್ರ: ಒಂದೇ ದೊಡ್ಡದು

ವಿದ್ಯಾರ್ಥಿಗಳು ತಂದುಕೊಡುವ ಫೋಟೊ ರಾಶಿಯಲ್ಲಿ ಎಲ್ಲವೂ ಇರುತ್ತವೆ: ಓಬವ್ವನ ಕಿಂಡಿ, ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರ ಗುಡಿ, ಬುರುಜು, ಬಾಗಿಲು, ಎಣ್ಣೆ ಕೊಳ. ಎಲ್ಲದಕ್ಕೂ ಜಾಗ ಕೊಡಬೇಕು ಅಂತ ಎಂಟು ಚಿಕ್ಕ ಚೌಕ ಮಾಡಿ ತುಂಬಿದರೆ ಅದು ಸ್ಟುಡಿಯೋದ ಮದುವೆ ಆಲ್ಬಂ ಆಗುತ್ತದೆ, ಜೋಡಿಪುಟ ಆಗುವುದಿಲ್ಲ. ನನ್ನ ಖಚಿತ ಅಭಿಪ್ರಾಯ: ಒಂದು ಚಿತ್ರ ದೊಡ್ಡದು, ಇನ್ನೊಂದು ಚಿಕ್ಕದು. ಮೂರನೆಯದಕ್ಕೆ ತುಂಬಾ ಬಲವಾದ ಕಾರಣ ಬೇಕು. ಉಳಿದವನ್ನು ಸಂಚಿಕೆಯ ಬೇರೆ ಪುಟಗಳಿಗೆ ಹಂಚಿ, ತೆಗೆದವರಿಗೂ ಬೇಜಾರಾಗುವುದಿಲ್ಲ.

ದೊಡ್ಡ ಚಿತ್ರಕ್ಕೆ ಬೆಟ್ಟದ ಮೇಲಿನಿಂದ ತೆಗೆದ ಅಗಲ ನೋಟವೇ ಸರಿ. ಗುಂಡುಕಲ್ಲುಗಳ ಮೇಲೆ ಹತ್ತಿ ಇಳಿಯುವ ಗೋಡೆ, ಒಂದು ಬದಿಗೆ ಬುರುಜು, ಮೇಲೆ ಸಾಕಷ್ಟು ಆಕಾಶ. ಆಕಾಶ ಸುಮ್ನೆ ಅಲ್ಲ, ಶೀರ್ಷಿಕೆ ಕೂರುವುದು ಅಲ್ಲೇ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ತೆಗೆದಿದ್ದರೆ ಕಲ್ಲಿನ ಮೈ ಎದ್ದು ಕಾಣುತ್ತದೆ. ನಡುಮಧ್ಯಾಹ್ನದ ಚಿತ್ರದಲ್ಲಿ ಬಂಡೆಯೆಲ್ಲ ಬಿಳುಚಿ ಹೋಗಿರುತ್ತದೆ, ಯಾವ ಸಾಫ್ಟ್‌ವೇರ್‌ನಲ್ಲೂ ಅದನ್ನು ವಾಪಸ್ ತರಲಾಗದು. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಡ್ರೋನ್, ಟ್ರೈಪಾಡ್ ಬಳಸುವುದಾದರೆ ಮೊದಲು ಅನುಮತಿ ಕೇಳಿ.

ಇನ್ನು ಪಿಕ್ಸೆಲ್ ಲೆಕ್ಕ. 12 ಮೆಗಾಪಿಕ್ಸೆಲ್ ಫೋನ್ ಚಿತ್ರ ಸಾಮಾನ್ಯವಾಗಿ 4000 × 3000 ಪಿಕ್ಸೆಲ್ ಇರುತ್ತದೆ. ಅದನ್ನು 426 ಮಿ.ಮೀ. ಅಗಲಕ್ಕೆ ಹರಡಿದರೆ ಇಂಚಿಗೆ ಸುಮಾರು 238 ಪಿಕ್ಸೆಲ್ ಬರುತ್ತದೆ. 300 ಇದ್ದರೆ ಒಳ್ಳೆಯದು, ಆದರೆ ಬಂಡೆ, ಆಕಾಶದ ಚಿತ್ರಕ್ಕೆ 238 ನಡೆಯುತ್ತದೆ. 200ಕ್ಕಿಂತ ಕೆಳಗೆ ಹೋಗಬೇಡಿ. ಅಂದರೆ ಇಂಥ ಚಿತ್ರವನ್ನು ಎಡ ಬಲದಲ್ಲಿ ಜಾಸ್ತಿ ಕತ್ತರಿಸುವ ಹಾಗಿಲ್ಲ.

ಇಲ್ಲೇ ದೊಡ್ಡ ಅಪಾಯ ಇರುವುದು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗಿ, ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಬಂದುಬಿಡುತ್ತದೆ. ಅಚ್ಚಿನಲ್ಲಿ ಅದು ಹದಿಮೂರು, ಹದಿನಾಲ್ಕು ಸೆಂಟಿಮೀಟರ್‌ಗೆ ಸಾಕು, ಅಷ್ಟೇ. ಪರದೆ ಮೇಲೆ ಚೆನ್ನಾಗಿ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಫೋಟೊ ಕೊಡುವವರಿಗೆ ‘ಡಾಕ್ಯುಮೆಂಟ್ ಅಂತ ಕಳಿಸಪ್ಪಾ’ ಅಂತ ಹೇಳಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ತರಿಸಿ. ಬಂದ ತಕ್ಷಣ ಇಮೇಜ್ ಸೈಜ್ ತೆರೆದು ಪಿಕ್ಸೆಲ್ ನೋಡಿ. ಕಡಿಮೆ ಇದ್ದರೆ ಅಂಕಿ ಹೆಚ್ಚಿಸಿ ಹಿಗ್ಗಿಸಬೇಡಿ, ಇಲ್ಲದ ವಿವರ ಅದರಿಂದ ಹುಟ್ಟುವುದಿಲ್ಲ.

ಚಿತ್ರವನ್ನು ಪ್ಲೇಸ್ ಎಂಬೆಡೆಡ್ ಮೂಲಕ ತನ್ನಿ. ಆಗ ಅದು ಸ್ಮಾರ್ಟ್ ಆಬ್ಜೆಕ್ಟ್ ಆಗಿ ಕೂರುತ್ತದೆ. ಎಷ್ಟು ಸಲ ಚಿಕ್ಕದು ದೊಡ್ಡದು ಮಾಡಿದರೂ ಮೂಲ ಹಾಳಾಗುವುದಿಲ್ಲ. ಮೇಲಿನ ಅಂಚಿನಿಂದ 185 ಮಿ.ಮೀ. ವರೆಗೆ ಚಿತ್ರ ಇರಲಿ. ಎಡ, ಬಲ, ಮೇಲೆ ಮೂರೂ ಕಡೆ ಬ್ಲೀಡ್ ತುದಿಯವರೆಗೂ ಮುಟ್ಟಲಿ. ಕೆಳಗಿನ ಬಿಳಿ ಜಾಗ ಬರಹಕ್ಕೆ. ಈಗ ಚಿತ್ರವನ್ನು ಎಡಕ್ಕೆ ಬಲಕ್ಕೆ ನಿಧಾನವಾಗಿ ಸರಿಸುತ್ತಾ 213ರ ಗೆರೆ ಯಾವುದರ ಮೇಲೆ ಬೀಳುತ್ತದೆ ನೋಡಿ. ಬುರುಜು ಗೆರೆಯ ಮೇಲೆ ಬಂದರೆ ಅದರ ಹೊಟ್ಟೆ ಸೀಳಿದಂತೆ ಆಗುತ್ತದೆ. ಬುರುಜನ್ನು ಬಲಪುಟದ ನಡುವಿಗೆ ತನ್ನಿ, ಗೆರೆ ಬರೀ ಬಂಡೆಯ ಮೇಲೆ ಬೀಳಲಿ. ಗೋಡೆ ಎಡದಿಂದ ಬಲಕ್ಕೆ ಏರುವಂತಿದ್ದರೆ ಇನ್ನೂ ಚೆಂದ. ನಾವು ಓದುವುದೂ ಎಡದಿಂದ ಬಲಕ್ಕೆ ಅಲ್ವಾ, ಕಣ್ಣು ಗೋಡೆಯ ಜೊತೆ ಬುರುಜಿಗೆ ಹೋಗಿ ನಿಲ್ಲುತ್ತದೆ.

ಬೆಳಕು ತಿದ್ದಲು ಕರ್ವ್ಸ್ ಅಡ್ಜಸ್ಟ್‌ಮೆಂಟ್ ಲೇಯರ್ ಸಾಕು. ಮ್ಯಾಪ್ಲಿಥೋ ಕಾಗದ ಶಾಯಿ ಹೀರುತ್ತದೆ, ಚಿತ್ರ ಪರದೆಗಿಂತ ಕಪ್ಪಗೆ ಬರುತ್ತದೆ. ಕರ್ವ್ಸ್ ಗೆರೆಯ ನಡುಭಾಗವನ್ನು ಚಿತ್ರ ತುಸು ತಿಳಿಯಾಗುವ ಕಡೆಗೆ ಸರಿಸಿ: ಸಿಎಂವೈಕೆ ಫೈಲ್‌ನಲ್ಲಿ ಕೆಳಕ್ಕೆ, ಜಿಂಪ್‌ನ ಆರ್‌ಜಿಬಿಯಲ್ಲಿ ಮೇಲಕ್ಕೆ. ಬಂಡೆಗಳ ಸಂದಿಯ ನೆರಳಲ್ಲಿ ಏನಾದರೂ ವಿವರ ಉಳಿಯಬೇಕು ಅಂದರೆ ಇದು ಬೇಕೇ ಬೇಕು. ಆರ್ಟ್ ಪೇಪರ್ ಆದರೆ ಇಷ್ಟು ತಲೆಬಿಸಿ ಇಲ್ಲ. ಕೊನೆಯಲ್ಲಿ ಚಿತ್ರದ ಮೇಲೆ ಅನ್‌ಶಾರ್ಪ್ ಮಾಸ್ಕ್: ಅಮೌಂಟ್ 80ರಿಂದ 100, ರೇಡಿಯಸ್ 1ರಿಂದ 1.5, ಥ್ರೆಶೋಲ್ಡ್ 3. ನೋಡುವಾಗ ಜೂಮ್ 100 ಶೇಕಡಾ ಇರಲಿ.

ಬಿದ್ದಿರುವ ನೀರಿನ ಬಾಟಲಿ, ಚಿಪ್ಸ್ ಪೊಟ್ಟಣವನ್ನು ಕ್ಲೋನ್ ಟೂಲ್‌ನಿಂದ ಅಳಿಸಿ, ತಪ್ಪಿಲ್ಲ. ಆದರೆ ಎಲ್ಲಿಂದಲೋ ತಂದ ಕೆಂಪು ಆಕಾಶ ಅಂಟಿಸಬೇಡಿ. ಮುರಿದ ಗೋಡೆಯನ್ನು ರಿಪೇರಿ ಮಾಡಬೇಡಿ. ಈ ಸಂಚಿಕೆ ನಾಳೆ ಯಾರದೋ ಮನೆಯ ಕಪಾಟಿನಲ್ಲಿ ಇಪ್ಪತ್ತು ವರ್ಷ ಇರುತ್ತದೆ. ಅದನ್ನು ತೆರೆದವರಿಗೆ ಕೋಟೆ ಇದ್ದ ಹಾಗೇ ಕಾಣಬೇಕು.

ಕನ್ನಡ ಅಕ್ಷರ ಕೂರಿಸುವುದು

ಇಲ್ಲಿಂದ ಮುಂದೆ ಇಂಗ್ಲಿಷಿನ ಯಾವ ಪಾಠವೂ ಸಹಾಯಕ್ಕೆ ಬರುವುದಿಲ್ಲ, ನಾವೇ ನೋಡಿಕೊಳ್ಳಬೇಕು. ಫೋಟೊಶಾಪ್‌ನಲ್ಲಿ ಮೊದಲು ‘ಚಿತ್ರದುರ್ಗ’ ಅಂತ ಟೈಪ್ ಮಾಡಿ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಪದ ಬೇಕಿಲ್ಲ. ತ ಕೆಳಗೆ ರ ಒತ್ತು ಬರಬೇಕು, ಗ ಮುಂದೆ ಅರ್ಕಾವೊತ್ತು ಬರಬೇಕು. ಬದಲಿಗೆ ‘ಚಿತ್‌ರದುರ್‌ಗ’ ಅಂತ ಬಿಡಿಬಿಡಿಯಾಗಿ ಬಂದರೆ ಟೈಪ್ ಎಂಜಿನ್ ಇನ್ನೂ ಇಂಗ್ಲಿಷಿನದೇ ಅಂತ ಅರ್ಥ. ಎಡಿಟ್ ಮೆನುವಿನ ಪ್ರಿಫರೆನ್ಸಸ್‌ನಲ್ಲಿ ಟೈಪ್ ತೆರೆಯಿರಿ. ಹಳೆಯ ಆವೃತ್ತಿಗಳಲ್ಲಿ ‘ಮಿಡಲ್ ಈಸ್ಟರ್ನ್ ಆಂಡ್ ಸೌತ್ ಏಷ್ಯನ್’ ಅಂತಲೋ, ಆಮೇಲಿನವುಗಳಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಅಂತಲೋ ಇರುತ್ತದೆ. ಅದನ್ನು ಆರಿಸಿ, ಫೋಟೊಶಾಪ್ ಮುಚ್ಚಿ ಮತ್ತೆ ತೆರೆಯಿರಿ. ಆಮೇಲೂ ಸರಿಯಾಗದಿದ್ದರೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯ ಮೆನುವಿನಲ್ಲೂ ವರ್ಲ್ಡ್ ರೆಡಿ ಕಂಪೋಸರ್ ಇದೆಯಾ ನೋಡಿ. ಜಿಂಪ್‌ನಲ್ಲಿ ಈ ತೊಂದರೆ ಇಲ್ಲ, ಒತ್ತಕ್ಷರ ತಾನಾಗಿಯೇ ಸರಿ ಕೂರುತ್ತದೆ.

ಇದು ಯೂನಿಕೋಡ್ ಅಕ್ಷರದ ಮಾತು. ನಿಮಗೆ ಬಂದ ಲೇಖನ ‘ನುಡಿ’ ಅಥವಾ ‘ಬರಹ’ ಸಾಫ್ಟ್‌ವೇರ್‌ನ ಹಳೆಯ ಫಾಂಟ್‌ನಲ್ಲಿ ಟೈಪ್ ಆಗಿದ್ದರೆ, ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಆಮೇಲೆ ಒಂದು ಸಲ ಪೂರ್ತಿ ಓದಲೇಬೇಕು. ಅರ್ಕಾವೊತ್ತು ಮತ್ತು ಒತ್ತಿನ ಮೇಲೆ ಒತ್ತು ಇರುವ ಪದಗಳು ತಪ್ಪುವ ಸಾಧ್ಯತೆ ಜಾಸ್ತಿ.

ಫಾಂಟ್ ಎರಡೇ ಇರಲಿ. ಬರಹಕ್ಕೆ ನೋಟೊ ಸೆರಿಫ್ ಕನ್ನಡ ಅಥವಾ ನೋಟೊ ಸ್ಯಾನ್ಸ್ ಕನ್ನಡ, ಶೀರ್ಷಿಕೆಗೆ ಬಲೂ ತಮ್ಮದಂಥ ದಪ್ಪ ಫಾಂಟ್. ಇವೆಲ್ಲ ಉಚಿತ. ದಪ್ಪ ಬೇಕಾದಾಗ ಫಾಂಟ್‌ನದೇ ಬೋಲ್ಡ್ ಆರಿಸಿ. ಫೋ ಬೋಲ್ಡ್ (ಕೃತಕ ದಪ್ಪ) ಗುಂಡಿ ಒತ್ತಿದರೆ ಅಕ್ಷರದ ಹೊಟ್ಟೆಯೊಳಗಿನ ಬಿಳಿ ಮುಚ್ಚಿಹೋಗಿ ಈ, ಋ, ಝ ಎಲ್ಲ ಮಸಿಯ ಚುಕ್ಕೆಯಂತೆ ಆಗುತ್ತವೆ. ಸಾಲಿಗೆ ಹಿಡಿಸಲಿ ಅಂತ ಅಕ್ಷರವನ್ನು ಅಡ್ಡಕ್ಕೆ ಒತ್ತಿ ಸಪೂರ ಮಾಡುವುದೂ ಬೇಡ. ಒಂದು ಪದ ಕಡಿಮೆ ಮಾಡಿ, ಅಷ್ಟೇ.

ಬರಹದ ಅಳತೆ 11 ಪಾಯಿಂಟ್, ಲೀಡಿಂಗ್ (ಸಾಲಿನಿಂದ ಸಾಲಿಗೆ ಇರುವ ಅಂತರ) 16.5. ಇಂಗ್ಲಿಷಿಗೆ ಇಷ್ಟು ಅಂತರ ಬೇಡ, ಕನ್ನಡಕ್ಕೆ ಬೇಕು. ಮೇಲಿನ ಸಾಲಿನ ‘ಸ್ತ್ರ’ದ ಬಾಲ ಕೆಳಗಿನ ಸಾಲಿನ ‘ಕೀ’ಯ ತಲೆಗೆ ತಗಲಿದರೆ ಓದುವವರ ಕಣ್ಣು ಅಲ್ಲಲ್ಲಿ ತೊಡರುತ್ತದೆ. ಸಾಲುಗಳನ್ನು ಎಡಕ್ಕೆ ಹೊಂದಿಸಿ, ಬಲ ಅಂಚು ಏರುಪೇರಾಗಿಯೇ ಇರಲಿ. ನಮ್ಮ ಪದಗಳು ಉದ್ದ. ‘ವಶಪಡಿಸಿಕೊಂಡಿದ್ದರಿಂದ’ ಅಂಥದ್ದೊಂದು ಪದ ಕೆಳಗಿನ ಸಾಲಿಗೆ ಜಾರಿದಾಗ ಜಸ್ಟಿಫೈ ಮಾಡಿದ, ಅಂದರೆ ಎರಡೂ ಅಂಚು ಸಮ ಮಾಡಿದ ಕಾಲಂನಲ್ಲಿ ಉಳಿದ ಪದಗಳ ನಡುವೆ ದೊಡ್ಡ ಕಿಂಡಿಗಳು ಬೀಳುತ್ತವೆ.

ಮೂರು ಕಾಲಂನಲ್ಲಿ ಬರಹ, ನಾಲ್ಕನೆಯದರಲ್ಲಿ ಓಬವ್ವನ ಕಿಂಡಿಯ ಚಿಕ್ಕ ಚಿತ್ರ ಮತ್ತು ಅಡಿಬರಹ. ಕಿಂಡಿ ತಾನೇ ಉದ್ದುದ್ದ ಇರುವುದರಿಂದ ನಿಲುವು ಚಿತ್ರ ಚೆನ್ನಾಗಿ ಕೂರುತ್ತದೆ. ಬರಹ 195 ಮಿ.ಮೀ.ಗೆ ಶುರುವಾಗಿ 282ಕ್ಕೆ ಮುಗಿದರೆ ಒಂದು ಕಾಲಂಗೆ ಹದಿನೈದು ಸಾಲು. ಸಾಲಿಗೆ ಐದು ಪದ ಅಂದರೂ ಒಟ್ಟು ಸುಮಾರು 225 ಪದ. ಲೇಖನ ಬರೆಯುವವರಿಗೆ ಇದನ್ನು ಮೊದಲೇ ಹೇಳಿ. ಆರು ನೂರು ಪದ ಬರೆದು ತಂದ ಮೇಲೆ ಕತ್ತರಿಸಿದರೆ ಅವರಿಗೂ ನೋವು, ನಿಮಗೂ ಕಷ್ಟ. ಅದಕ್ಕಿಂತ ಉದ್ದದ ಬರಹ ಇದ್ದೇ ಇದೆ ಅಂದರೆ ಚಿತ್ರದ ಕೆಲಸ ಮಾತ್ರ ಇಲ್ಲಿ ಮುಗಿಸಿ, ಅಕ್ಷರ ಜೋಡಿಸುವುದನ್ನು ಇನ್‌ಡಿಸೈನ್ ಅಥವಾ ಉಚಿತವಾಗಿ ಸಿಗುವ ಸ್ಕ್ರೈಬಸ್‌ನಲ್ಲಿ ಮಾಡಿ. ಪುಟಗಟ್ಟಲೆ ಬರಹಕ್ಕೆ ಫೋಟೊಶಾಪ್ ಸರಿಯಾದ ಜಾಗ ಅಲ್ಲ.

ಶೀರ್ಷಿಕೆ ಮಡಿಕೆ ದಾಟುವುದಾದರೆ ಪದಗಳ ನಡುವೆ ದಾಟಲಿ. ‘ಏಳು ಸುತ್ತಿನ’ ಎಡಪುಟದಲ್ಲಿ, ‘ಕೋಟೆ’ ಬಲಪುಟದಲ್ಲಿ. ‘ಸುತ್ತಿನ’ ಪದದ ಒತ್ತು ಮಡಿಕೆಯೊಳಗೆ ಸಿಕ್ಕಿಕೊಂಡರೆ ಓದುವುದಕ್ಕೇ ಆಗುವುದಿಲ್ಲ. ಎರಡನ್ನೂ ಬೇರೆ ಬೇರೆ ಟೆಕ್ಸ್ಟ್ ಲೇಯರ್ ಮಾಡಿ, ಅಡಿಸಾಲು ಮಾತ್ರ ಒಂದೇ ಗೈಡ್ ಮೇಲೆ ಕೂರಿಸಿ. ಆಕಾಶ ತೀರಾ ತಿಳಿಯಾಗಿದ್ದರೆ ಗಾಢ ಬಣ್ಣದ ಅಕ್ಷರ. ಬಿಳಿ ಅಕ್ಷರವೇ ಬೇಕು ಅಂದರೆ ಮೇಲಿನ ಅಂಚಿನಿಂದ ಕೆಳಕ್ಕೆ ಮಾಸುವ ಒಂದು ಗಾಢ ಗ್ರೇಡಿಯಂಟ್ ಹಾಕಿ. ಅಕ್ಷರಕ್ಕೆ ನೆರಳು, ಹೊಳಪು, ಉಬ್ಬು ಯಾವುದೂ ಬೇಡ.

ಅಡಿಬರಹ ಚಿತ್ರದಲ್ಲಿ ಕಾಣುವುದನ್ನೇ ಮತ್ತೆ ಹೇಳಬಾರದು. ‘ಓಬವ್ವನ ಕಿಂಡಿಯ ದೃಶ್ಯ’ ಅಂತ ಬರೆದರೆ ಏನು ಉಪಯೋಗ? ‘ಒಬ್ಬರು ಮಾತ್ರ ನುಸುಳಬಹುದಾದ ಈ ಸಂದಿಯಲ್ಲೇ ಹೈದರ್ ಅಲಿಯ ಸೈನಿಕರನ್ನು ಓಬವ್ವ ಒನಕೆ ಹಿಡಿದು ತಡೆದಳು ಅಂತ ಊರು ನೆನೆಯುತ್ತದೆ. ಕೋಟೆ ಹೈದರನ ಕೈ ಸೇರಿದ್ದು 1779ರಲ್ಲಿ’ ಅಂದಾಗ ಓದುವವರು ಚಿತ್ರವನ್ನು ಇನ್ನೊಂದು ಸಲ ನೋಡುತ್ತಾರೆ.

ಬಣ್ಣ

ಆರ್‌ಜಿಬಿಯಲ್ಲಿ ಮಾಡಿದ ಕಪ್ಪು ಅಕ್ಷರವನ್ನು ಸಿಎಂವೈಕೆಗೆ ಬದಲಿಸಿದರೆ ಅದು ನಾಲ್ಕೂ ಶಾಯಿ ಸೇರಿದ ಕಪ್ಪಾಗುತ್ತದೆ. ಫೋಟೊಶಾಪ್‌ನ ಒಂದು ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದು ಸಿ 75, ಎಂ 68, ವೈ 67, ಕೆ 90. ಶಾಯಿಗೊಂದರಂತೆ ಇರುವ ನಾಲ್ಕು ಅಚ್ಚಿನ ಪ್ಲೇಟ್‌ಗಳಲ್ಲಿ ಒಂದು ಕೂದಲಷ್ಟು ಸರಿದರೂ 11 ಪಾಯಿಂಟ್ ಅಕ್ಷರದ ಸುತ್ತ ಬಣ್ಣದ ಅಂಚು ಬರುತ್ತದೆ, ಸೊನ್ನೆ, ಒತ್ತು ಮಸುಕಾಗುತ್ತವೆ. ಬರಹದ ಬಣ್ಣ ಯಾವಾಗಲೂ ಸಿ 0, ಎಂ 0, ವೈ 0, ಕೆ 100. ಇದೊಂದನ್ನು ಗೋಡೆಗೆ ಬರೆದು ಅಂಟಿಸಿಕೊಂಡರೂ ಸರಿ.

ಆಕಾಶದ ನೀಲಿ ಅಚ್ಚಿನಲ್ಲಿ ನೇರಳೆಗೆ ತಿರುಗುವುದೂ ಮಾಮೂಲಿ. ಇನ್ಫೋ ಪ್ಯಾನೆಲ್ ತೆರೆದು ಆಕಾಶದ ಮೇಲೆ ಮೌಸ್ ಇಡಿ. ಎಂ ಅಂಕಿ ಸಿ ಅಂಕಿಗಿಂತ 30ರಷ್ಟಾದರೂ ಕಡಿಮೆ ಇರಬೇಕು. ಹತ್ತಿರ ಹತ್ತಿರ ಇದ್ದರೆ ಕರ್ವ್ಸ್‌ನಲ್ಲಿ ಮೆಜೆಂಟಾ ಇಳಿಸಿ. ಆರ್‌ಜಿಬಿ ಚಿತ್ರ ಅಚ್ಚಿನಲ್ಲಿ ಹೇಗೆ ಬರಬಹುದು ಅಂತ ನೋಡಲು ಕಂಟ್ರೋಲ್ ಮತ್ತು ವೈ ಒತ್ತಿ.

ಪ್ರೂಫ್, ಆಮೇಲೆ ಪ್ರೆಸ್

ಎ3 ಹಾಳೆ ಅಂದರೆ ಸರಿಯಾಗಿ 420 × 297 ಮಿ.ಮೀ., ನಮ್ಮ ಜೋಡಿಪುಟದ್ದೇ ಅಳತೆ. ಕಾಲೇಜು ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಒಂದು ಎ3 ಕಲರ್ ಪ್ರಿಂಟ್ ತೆಗೆಸಿ, ನಡುವೆ ಮಡಿಚಿ, ಡಮ್ಮಿಯೊಳಗೆ ಇಟ್ಟು ತೆರೆದು ನೋಡಿ. ಬಣ್ಣ ಇದರಲ್ಲಿ ನಂಬುವಂತಿಲ್ಲ. ಅಕ್ಷರದ ಅಳತೆ, ಮಡಿಕೆಯ ಜಾಗ, ಕಾಗುಣಿತ ನೋಡಲು ಇದೇ ಬೇಕು. ವಿನ್ಯಾಸ ಮಾಡಿದವರು ತಪ್ಪು ಹುಡುಕಬಾರದು, ಕಣ್ಣಿಗೆ ರೂಢಿಯಾಗಿರುತ್ತದೆ. ಕನ್ನಡ ವಿಭಾಗದ ಮೇಷ್ಟ್ರ ಕೈಗೆ ಕೆಂಪು ಪೆನ್ನಿನ ಜೊತೆ ಕೊಡಿ.

ತಿದ್ದಿದ ಮೇಲೆ ಫೋಟೊಶಾಪ್‌ನ ಮೂಲ ಫೈಲಾದ ಪಿಎಸ್‌ಡಿಯನ್ನು ಹಾಗೇ ಉಳಿಸಿ, ಬೇರೆಯಾಗಿ ಫೋಟೊಶಾಪ್ ಪಿಡಿಎಫ್ ಮಾಡಿ. ಹೈ ಕ್ವಾಲಿಟಿ ಪ್ರಿಂಟ್ ಆರಿಸಿ. ಲೇಯರ್‌ಗಳನ್ನು ಫ್ಲ್ಯಾಟನ್ ಮಾಡಬೇಡಿ, ಅಂದರೆ ಎಲ್ಲವನ್ನೂ ಒಂದೇ ಪದರಕ್ಕೆ ಸೇರಿಸಬೇಡಿ. ಹಾಗೇ ಬಿಟ್ಟರೆ ಪಿಡಿಎಫ್‌ನಲ್ಲಿ ಅಕ್ಷರದ ಅಂಚು ಚೂಪಾಗಿಯೇ ಇರುತ್ತದೆ. ಫ್ಲ್ಯಾಟನ್ ಆದರೆ ಅದು ಪಿಕ್ಸೆಲ್ ಆಗಿ ಚಿಕ್ಕ ಅಕ್ಷರ ಮಂಕಾಗುತ್ತದೆ. ಜಿಂಪ್‌ನಲ್ಲೂ ಪಿಡಿಎಫ್ ಎಕ್ಸ್‌ಪೋರ್ಟ್ ಇದೆ. ನಡುವಿನ ಜೋಡಿ ಅಲ್ಲದಿದ್ದರೆ ಪ್ರೆಸ್‌ನವರು ಎರಡು ಪುಟ ಬೇರೆ ಬೇರೆ ಕೇಳಬಹುದು. ಆಗ ಫೈಲಿನ ಎರಡು ಪ್ರತಿ ಮಾಡಿ, ಕ್ಯಾನ್ವಾಸ್ ಸೈಜ್‌ನಲ್ಲಿ ಅಗಲ 213 ಮಿ.ಮೀ. ಕೊಟ್ಟು, ಒಂದರಲ್ಲಿ ಎಡಭಾಗ ಇನ್ನೊಂದರಲ್ಲಿ ಬಲಭಾಗ ಉಳಿಸಿ. ಫೈಲ್ ಹೆಸರಿನಲ್ಲೇ ಪುಟ ಸಂಖ್ಯೆ ಇರಲಿ. ಎಡಕ್ಕೆ ಯಾವಾಗಲೂ ಸರಿಸಂಖ್ಯೆ, ಬಲಕ್ಕೆ ಬೆಸಸಂಖ್ಯೆ.

ಜೊತೆಗೆ ಒಂದು ಚೀಟಿ: ಕಟಿಂಗ್ ಅಳತೆ 420 × 297, ಸುತ್ತಲೂ ಬ್ಲೀಡ್ 3 ಮಿ.ಮೀ. ಫೋಟೊಶಾಪ್ ಪಿಡಿಎಫ್‌ನಲ್ಲಿ ಕಟಿಂಗ್ ಗುರುತು ಬರುವುದಿಲ್ಲ, ಅದನ್ನು ಅವರೇ ಹಾಕಿಕೊಳ್ಳುತ್ತಾರೆ. ಪ್ಲೇಟ್ ಮಾಡುವ ಮೊದಲು ಒಂದು ಕಲರ್ ಪ್ರೂಫ್ ಕೇಳಿ, ನೋಡಿ, ಸಹಿ ಹಾಕಿ ಕೊಡಿ. ಫೋಟೊ ತೆಗೆದ ವಿದ್ಯಾರ್ಥಿಯ ಹೆಸರು ಮತ್ತು ತರಗತಿ ಬಲಪುಟದ ಕೆಳಗೆ 8 ಪಾಯಿಂಟ್‌ನಲ್ಲಿ ಇದೆಯಾ ಅಂತ ಅದೇ ಪ್ರೂಫ್‌ನಲ್ಲಿ ನೋಡಿಕೊಳ್ಳಿ.